ಪೂರ್ವಾನುಮೋದಿತ ಸಾಲದ ಮಹನೀಯರಿಗೆ

ಗೆ,
ಪೂರ್ವಾನುಮೋದಿತ ವೈಯಕ್ತಿಕ ಸಾಲ, ಆಜೀವ ಉಚಿತ ಕ್ರೆಡಿಟ್ ಕಾರ್ಡ್, ವಾಹನ ವಿಮೆಯ ನವೀಕರಣ ಮತ್ತು ಹೊಸಕೋಟೆ ಕಡೆಯ ನಿವೇಶನಗಳ ಸಲುವಾಗಿ ಕರೆ ಮಾಡಿಸುವ ಸಮಸ್ತ ಮಹನೀಯರಿಗೆ

ವಿಷಯ: ಪೂರ್ವ ಬೆಂಗಳೂರಿನ ಚಂದಾದಾರನೊಬ್ಬ ಫೋನ್ ಎತ್ತದೇ ಇರುವ ಬಗ್ಗೆ

ಮಾನ್ಯರೇ,

ಗ್ರಾಹಕನು ಕೇಳದಿದ್ದರೂ, ಒಪ್ಪಿಗೆ ಕೊಡದಿದ್ದರೂ, ಸರಕನ್ನೋ ಸೇವೆಯನ್ನೋ ಮಾರುವ ಸಲುವಾಗಿ ಅವನ ದೂರವಾಣಿಗೆ ಬರುವ ಕರೆ ಮತ್ತು ಸಂದೇಶಗಳಿಗೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, ‘ಅನಪೇಕ್ಷಿತ ವಾಣಿಜ್ಯ ಸಂವಹನ’ ಎಂಬ ಗಂಭೀರವಾದ ಹೆಸರನ್ನು ಇಟ್ಟಿದೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಜನರು ಇದಕ್ಕೆ ಇಟ್ಟಿರುವ ಹೆಸರುಗಳು ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕರಲ್ಲೂ ದೊರೆಯುತ್ತವೆಯಾದರೂ ಅವುಗಳಲ್ಲಿ ಅಚ್ಚು ಹಾಕಬಹುದಾದದ್ದು ಒಂದೂ ಇಲ್ಲದಿರುವುದರಿಂದ ಈ ಪತ್ರವು ಟ್ರಾಯ್‌ನ ಪದವನ್ನೇ ಆಶ್ರಯಿಸಿದೆ. ಪತ್ರವು ಕರೆ ಮಾಡುವ ಹುಡುಗ ಹುಡುಗಿಯರನ್ನು ಉದ್ದೇಶಿಸಿದ್ದಲ್ಲ ಎಂಬುದನ್ನೂ ಆರಂಭದಲ್ಲೇ ಹೇಳಬೇಕು. ಮಾರತ್‌ಹಳ್ಳಿಯ ಯಾವುದೋ ಮೂರನೇ ಮಹಡಿಯಲ್ಲಿ ಕುಳಿತು ದಿನದ ಟಾರ್ಗೆಟ್ ಮುಟ್ಟಿಸಲು ಬೈಗುಳ ತಿನ್ನುವ ಅವರ ಪಾಡು ಅವರಿಗಿದೆ. ಪತ್ರವು ಟಾರ್ಗೆಟ್ ಹಾಕುವ ತಮಗೆ ಸಲ್ಲುತ್ತದೆ.

ಮೊದಲಿಗೆ ತಮ್ಮ ಔದಾರ್ಯವನ್ನು ದಾಖಲಿಸುವುದು ಧರ್ಮ. ತಿಂಗಳ ಕೊನೆಯ ವಾರದಲ್ಲಿ ಒಡಹುಟ್ಟಿದವರೇ ಐದು ಸಾವಿರ ಕೈಗಡ ಕೊಡಲು ಹಿಂದೆ ಮುಂದೆ ನೋಡುವ ಕಾಲದಲ್ಲಿ, ಮುಖ ನೋಡದ, ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ಒಬ್ಬರು ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ ಹತ್ತು ಲಕ್ಷ ರೂಪಾಯಿ ತಯಾರಿದೆ ಎಂದು ಹಿಂದಿಯಲ್ಲಿ ತಿಳಿಸುವುದು ಸಾಮಾನ್ಯವಾದ ಸಂಗತಿಯಲ್ಲ. ಪೂರ್ವಾನುಮೋದನೆ ಎಂದರೆ, ಸಾಲಗಾರನು ಸಾಲ ಕೇಳುವ ಮೊದಲೇ ಕೊಡುವವನು ಒಪ್ಪಿಬಿಟ್ಟಿರುವ ಸ್ಥಿತಿ; ಒಪ್ಪಿದ ಮೇಲೆ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್ ಕಾರ್ಡು, ಮನೆಯ ಕರಾರುಪತ್ರ ಎಲ್ಲವನ್ನೂ ತರಿಸಿಕೊಂಡು ಕೊನೆಗೆ ಆಗುವುದಿಲ್ಲ ಎಂದು ಹೇಳುವುದೂ ಈ ಅನುಮೋದನೆಯ ಒಂದು ಅಂಗವೇ ಎಂದು ಅನುಭವಿಗಳು ಹೇಳುತ್ತಾರೆ.

ತಮ್ಮನ್ನು ತಡೆಯಲು ನಡೆದ ಸರ್ಕಾರಿ ಯತ್ನಗಳ ಇತಿಹಾಸವು ಒಂದು ಪ್ರತ್ಯೇಕ ಗ್ರಂಥಕ್ಕೆ ಸಾಕಾಗುವಷ್ಟಿದೆ. 2007ರಲ್ಲಿ ಟ್ರಾಯ್ ಮೊದಲ ನಿಯಮಾವಳಿಯನ್ನು ಹೊರಡಿಸಿ, ಕರೆ ಬೇಡ ಎನ್ನುವವರ ಹೆಸರು ಬರೆದುಕೊಳ್ಳುವ ರಾಷ್ಟ್ರೀಯ ನೋಂದಣಿ ಪುಸ್ತಕವೊಂದನ್ನು ತೆರೆಯಿತು. ಅಂದರೆ ಕಳ್ಳನು ಬರಬಾರದೆಂದು ಬಯಸುವ ಮನೆಯವರು ಮೊದಲೇ ಠಾಣೆಗೆ ಹೋಗಿ ಹೆಸರು ಬರೆಸಬೇಕು, ಬರೆಸದವರ ಮನೆಗೆ ಅವನು ಧಾರಾಳವಾಗಿ ಬರಬಹುದು ಎಂಬ ತತ್ವವು ಅಂದೇ ಸ್ಥಾಪಿತವಾಯಿತು. 2010ರಲ್ಲಿ ಆಗಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿಯವರು ವಿರೋಧ ಪಕ್ಷದ ನಾಯಕರೊಡನೆ ಸಭೆಯಲ್ಲಿದ್ದಾಗ ಅವರಿಗೇ ಗೃಹಸಾಲದ ಕರೆಯೊಂದು ಬಂದು, ಇಡೀ ದೇಶದ ಬೊಕ್ಕಸದ ಕೀಲಿಕೈ ಹಿಡಿದಿದ್ದ ವ್ಯಕ್ತಿಗೆ ಸಾಲ ಕೊಡಲು ಮುಂದಾದ ತಮ್ಮವರ ಧೈರ್ಯವು ದೆಹಲಿಯಲ್ಲಿ ಸಂಚಲನ ಉಂಟುಮಾಡಿತು. ಅದೇ ವರ್ಷದ ಕೊನೆಯಲ್ಲಿ ಹೊಸ ನಿಯಮಾವಳಿ ಹುಟ್ಟಿ, 2011ರ ಸೆಪ್ಟೆಂಬರ್ 27ರಂದು ಪೂರ್ಣವಾಗಿ ಜಾರಿಗೆ ಬಂತು. ಅದರ ಪ್ರಕಾರ ಮಾರಾಟದ ಕರೆಗಳೆಲ್ಲ 140ರಿಂದ ಆರಂಭವಾಗುವ ಸಂಖ್ಯೆಗಳಿಂದಲೇ ಬರಬೇಕು, ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಬರಬಾರದು, ಬೇಡವೆನ್ನುವವರು 1909ಕ್ಕೆ ತಿಳಿಸಬೇಕು. ಬ್ಯಾಂಕು, ನಿವೇಶನ, ಶಿಕ್ಷಣ, ಆರೋಗ್ಯ, ಗ್ರಾಹಕ ಸರಕು, ಮನರಂಜನೆ, ಪ್ರವಾಸ ಎಂಬ ಏಳು ವರ್ಗಗಳಲ್ಲಿ ಯಾವುದರ ಕಾಟ ಸಹ್ಯ, ಯಾವುದರದು ಅಸಹ್ಯ ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಚಂದಾದಾರನಿಗೆ ದೊರೆಯಿತು. ಜೊತೆಗೆ ಒಂದು ಸಿಮ್‌ನಿಂದ ದಿನಕ್ಕೆ 100 ಎಸ್‌ಎಂಎಸ್ ಮಾತ್ರ ಎಂಬ ಮಿತಿಯನ್ನು ಹೇರಿ, ಕೆಲವೇ ವಾರಗಳಲ್ಲಿ ಅದನ್ನು 200ಕ್ಕೆ ಏರಿಸಲಾಯಿತು. ತಮ್ಮ ಬಾಯಿಗೆ ಬೀಗ ಹಾಕಲು ಹೊರಟ ಸರ್ಕಾರವು ಕೈಗೆ ಸಿಕ್ಕ ಪ್ರೇಮಿಗಳ ಬಾಯಿಗೆ ಹಾಕಿತು.

ಅದೇ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಓಡತೊಡಗಿತು. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಇರುವ ಸುಮಾರು ಎರಡು ಕಿಲೋಮೀಟರ್ ದಾಟಲು ಆ ರೈಲಿಗೆ 2023ರ ಅಕ್ಟೋಬರ್‌ವರೆಗೆ ಕಾಲ ಹಿಡಿಯಿತು ಎಂದು ಪೂರ್ವ ಬೆಂಗಳೂರಿನವರು ಈಗಲೂ ಗೊಣಗುತ್ತಾರೆ. ಆದರೆ ರೈಲು ಕೊನೆಗೂ ಬಂತು; ತಮ್ಮನ್ನು ತಡೆಯುವ ನಿಯಮ ಮಾತ್ರ ಇನ್ನೂ ಬರುತ್ತಲೇ ಇತ್ತು.

2018ರ ಜುಲೈನಲ್ಲಿ ಮೂರನೆಯ ನಿಯಮಾವಳಿ ಹೊರಬಿದ್ದು, ವಿತರಿತ ಲೆಡ್ಜರ್ ಎಂಬ ತಂತ್ರವನ್ನು ಜಾರಿಗೆ ತಂದಿತು. ಇದು ಎಲ್ಲ ಮೊಬೈಲ್ ಕಂಪನಿಗಳೂ ಏಕಕಾಲಕ್ಕೆ ನೋಡಬಹುದಾದ, ಒಬ್ಬರೇ ಗುಟ್ಟಾಗಿ ತಿದ್ದಲಾಗದ ಖಾತೆ ಪುಸ್ತಕ. ಸಂದೇಶ ಕಳಿಸುವ ಸಂಸ್ಥೆಯು ತನ್ನ ಹೆಸರಿನ ಸಂಕೇತವನ್ನೂ, ಸಂದೇಶದ ಒಕ್ಕಣೆಯನ್ನೂ, ಗ್ರಾಹಕನ ಒಪ್ಪಿಗೆಯನ್ನೂ ಅದರಲ್ಲಿ ಮುಂಚಿತವಾಗಿ ಬರೆಸಬೇಕು. 2025ರ ಫೆಬ್ರವರಿಯ ತಿದ್ದುಪಡಿಯು ಸಂಕೇತದ ಕೊನೆಗೆ ಒಂದು ಅಕ್ಷರವನ್ನು ಸೇರಿಸಲು ಹೇಳಿತು: ಪ್ರಚಾರಕ್ಕೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರಕ್ಕೆ ಜಿ. ಎಲ್ಲವೂ ಸೊಗಸಾಗಿದೆ. ಆದರೆ ತಾವು ಈ ಪುಸ್ತಕದಲ್ಲಿ ಹೆಸರು ಬರೆಸಿಯೇ ಕರೆ ಮಾಡಬೇಕೆಂಬುದನ್ನು ತಮಗೆ ಯಾರೂ ಕರೆ ಮಾಡಿ ಹೇಳಿದಂತಿಲ್ಲ. ಅಂಗಡಿಯಲ್ಲಿ ಕೊಂಡ ಮಾಮೂಲಿ ಸಿಮ್ಮಿನಿಂದ, ಮಾಮೂಲಿ ಹತ್ತು ಅಂಕಿಯ ಸಂಖ್ಯೆಯಿಂದ, ಊರಿನ ಸೋದರಮಾವನಂತೆ ಕರೆ ಮಾಡುವ ತಮ್ಮ ಈ ವಿಧಾನಕ್ಕೆ ‘ನೋಂದಾಯಿಸದ ಟೆಲಿಮಾರ್ಕೆಟರ್’ ಎಂಬ ಪಾರಿಭಾಷಿಕ ಪದವಿದೆ. 2024ರ ಮೊದಲ ಆರು ತಿಂಗಳಲ್ಲಿ ಇಂಥವರ ಮೇಲೆ 7.9 ಲಕ್ಷಕ್ಕೂ ಹೆಚ್ಚು ದೂರುಗಳು ಬಂದುವೆಂದೂ, ಆಗಸ್ಟ್ ತಿಂಗಳ ಆದೇಶದ ನಂತರ 2.75 ಲಕ್ಷಕ್ಕೂ ಹೆಚ್ಚು ಸಂಖ್ಯೆಗಳನ್ನು ಕಡಿತಗೊಳಿಸಲಾಯಿತೆಂದೂ ಟ್ರಾಯ್ ಪ್ರಕಟಿಸಿತು. ಕಡಿದಷ್ಟೂ ಚಿಗುರುವ ತಮ್ಮ ಚೈತನ್ಯಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ದೂರು ಕೊಡುವ ವಿಧಾನವೂ ಅಷ್ಟೇ ಸರಳ. ಚಂದಾದಾರನು ಕರೆ ಬಂದ ಸಂಖ್ಯೆ, ದಿನಾಂಕ, ಆಡಿದ ಮಾತಿನ ಸಾರಾಂಶ ಇಷ್ಟನ್ನೂ ನೆನಪಿಟ್ಟುಕೊಂಡು ಮೊದಲಾದರೆ ಮೂರು ದಿನದೊಳಗೆ, ಈಗ ಏಳು ದಿನದೊಳಗೆ 1909ಕ್ಕೆ ಕಳಿಸಬೇಕು. ಒಂದೇ ಸಂಖ್ಯೆಯ ಮೇಲೆ ಹತ್ತು ದಿನದಲ್ಲಿ ಐದು ಜನ ಹೀಗೆ ಗುಮಾಸ್ತಿಕೆ ಮಾಡಿದರೆ ಕ್ರಮಕ್ಕೆ ದಾರಿಯಾಗುತ್ತದೆ. ತಾವಾದರೋ ಒಬ್ಬನಿಗೇ ಐದು ಸಂಖ್ಯೆಗಳಿಂದ ಕರೆ ಮಾಡುತ್ತೀರಿ.

ಇಷ್ಟೆಲ್ಲ ನಿಯಮಗಳ ನಡುವೆ ಯಾರೂ ಉತ್ತರಿಸದೆ ಉಳಿದ ಒಂದು ಪ್ರಶ್ನೆಯಿದೆ, ಅದನ್ನು ಚಂದಾದಾರರು ಪ್ರತಿ ಸಲವೂ ಕೇಳುತ್ತಾರೆ, ಕೇಳಿದ ಕೂಡಲೇ ಆ ಕಡೆಯ ಫೋನ್ ಕಟ್ಟಾಗುತ್ತದೆ: ಈ ನಂಬರ್ ಎಲ್ಲಿಂದ ಸಿಕ್ಕಿತು? ಇಂದಿರಾನಗರದ ಕೆಎ-03 ಅಥವಾ ಕೆ.ಆರ್. ಪುರದ ಕೆಎ-53 ಫಲಕವಿರುವ ಯಾವುದೇ ಸ್ಕೂಟರಿನ ಮಾಲೀಕನಿಗೆ ತನ್ನ ವಿಮೆ ಎಂದು ಮುಗಿಯುತ್ತದೆ ಎಂಬುದು ನೆನಪಿರುವುದಿಲ್ಲ, ತಮಗೆ ಇರುತ್ತದೆ. 2019ರ ಮಾರ್ಚ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ‘ವಾಹನ್’ ಮತ್ತು ‘ಸಾರಥಿ’, ಅಂದರೆ ವಾಹನ ನೋಂದಣಿ ಮತ್ತು ಚಾಲನಾ ಪರವಾನಗಿಗಳ ರಾಷ್ಟ್ರೀಯ ದಾಖಲೆಗಳನ್ನು ಸಗಟಾಗಿ ಹಂಚುವ ನೀತಿಯನ್ನು ಪ್ರಕಟಿಸಿ, ವ್ಯಾಪಾರಿ ಸಂಸ್ಥೆಗಳಿಗೆ ಆ ವರ್ಷಕ್ಕೆ 3 ಕೋಟಿ ರೂಪಾಯಿ ಎಂದು ದರವನ್ನೂ ಗೊತ್ತು ಮಾಡಿತು. ಅದೇ ವರ್ಷದ ಜುಲೈನಲ್ಲಿ ಸಚಿವ ನಿತಿನ್ ಗಡ್ಕರಿಯವರು, 87 ಖಾಸಗಿ ಹಾಗೂ 32 ಸರ್ಕಾರಿ ಸಂಸ್ಥೆಗಳಿಗೆ ಈ ದಾಖಲೆಗಳ ಪ್ರವೇಶ ಕೊಟ್ಟು ಸುಮಾರು 65 ಕೋಟಿ ರೂಪಾಯಿ ಗಳಿಸಿರುವುದಾಗಿ ಸಂಸತ್ತಿಗೆ ತಿಳಿಸಿದರು. 2020ರ ಜೂನ್‌ನಲ್ಲಿ ನೀತಿ ರದ್ದಾಯಿತು. ವಿಮೆಯ ಕರೆಗಳಿಗೆಲ್ಲ ಇದೇ ಮೂಲ ಎಂಬುದು ಈ ಪತ್ರದ ವಾದವಲ್ಲ; ಸರ್ಕಾರವೇ ತಕ್ಕಡಿ ಹಿಡಿದು ಕೂತ ಮೇಲೆ ಪುಡಿ ವ್ಯಾಪಾರಿಗಳಿಗೆ ನಾಚಿಕೆ ಎಲ್ಲಿಂದ ಬರಬೇಕು ಎಂಬುದಷ್ಟೇ ವಾದ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಜೊತೆ ಕಾಲುಚೀಲ ಕೊಂಡರೂ ಬಿಲ್ಲಿಗೆ ಮೊದಲು ಮೊಬೈಲ್ ಸಂಖ್ಯೆ ಕೇಳುತ್ತಾರೆ. ಹಾಗೆ ಬಲವಂತ ಮಾಡಬಾರದೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚಿಸಿದೆ ಎಂದು ಹೇಳಿದರೆ, ಸಂಖ್ಯೆ ಹೊಡೆಯದೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ ಎಂದು ಗಲ್ಲಾದ ಹುಡುಗ ಅಂಗಲಾಚುತ್ತಾನೆ.

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟದ್ದು ಈ ಊರಿನವರೇ ಆಗಿದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ. ಆ ತೀರ್ಪಿನ ಬಲದ ಮೇಲೆ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಹಕ್ಕು ಮೂಲಭೂತವಾಯಿತು, ಕಾಯ್ದೆ ಬಂತು, ಮಧ್ಯಾಹ್ನ ಎರಡು ಗಂಟೆಗೆ ಪೂರ್ವಾನುಮೋದನೆಯೂ ಬಂತು.

ಕಾಗದದ ಕಾಟವನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ದಿನಪತ್ರಿಕೆಯ ಮಡಿಕೆಯಿಂದ ಉದುರುವ ಪಾಂಪ್ಲೆಟ್ಟು, ಹಲಸೂರಿನ ಹಳೆಯ ಮನೆಗಳ ಗೇಟಿಗೆ ಸಿಕ್ಕಿಸುವ ಪಿ.ಜಿ. ಚೀಟಿ, ಇಂದಿರಾನಗರದಲ್ಲಿ ಕಾರಿನ ವೈಪರಿನಡಿ ಬಾಡುವ ವಿಸಿಟಿಂಗ್ ಕಾರ್ಡು ಇವುಗಳಿಗೆ ಒಂದು ಗುಣವಿದೆ: ಅವು ಮಾತಾಡುವುದಿಲ್ಲ. ವಿಳಾಸವೇ ಇಲ್ಲದ ಜಾಹೀರಾತುಗಳನ್ನು ಮನೆಮನೆಗೆ ಹಾಕಿಕೊಡುವ ‘ಡೈರೆಕ್ಟ್ ಪೋಸ್ಟ್’ ಎಂಬ ಸೇವೆ ಅಂಚೆ ಇಲಾಖೆಯಲ್ಲೇ ಇದೆ. ಅದರ ಕಾಗದ ಕಡೆಗೆ ರದ್ದಿಗಾದರೂ ಹೋಗಿ ಕಿಲೋ ಲೆಕ್ಕದಲ್ಲಿ ನಾಲ್ಕು ಕಾಸು ತರುತ್ತದೆ. ತಮ್ಮ ಕರೆಗಳನ್ನು ಯಾವ ರದ್ದಿ ಅಂಗಡಿಯವನೂ ಕೊಳ್ಳುವುದಿಲ್ಲ.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆಯಿದೆ, ಮತ್ತು ಈ ಪತ್ರಕ್ಕೆ ನಿಜವಾದ ಕಾರಣ ಅದೇ. ಪೂರ್ವ ಬೆಂಗಳೂರಿನ ಒಬ್ಬ ಚಂದಾದಾರನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದ. ಅಂಥ ಅರ್ಜಿಗೆ ಪೊಲೀಸ್ ಪರಿಶೀಲನೆ ಎಂಬುದೊಂದು ಹಂತವಿದೆ. ಅರ್ಜಿದಾರನು ಬರೆದ ವಿಳಾಸದಲ್ಲಿ ನಿಜವಾಗಿಯೂ ಇದ್ದಾನೆಯೇ, ಅವನ ಮೇಲೆ ಕೇಸುಗಳಿವೆಯೇ ಎಂದು ಠಾಣೆಯವರು ವಿಚಾರಿಸಿ ವರದಿ ಕಳಿಸುತ್ತಾರೆ. ಇದಕ್ಕಾಗಿ ಪೇದೆಯೊಬ್ಬರು ಫೋನ್ ಮಾಡುತ್ತಾರೆ. ಅವರಿಗೆ 140ರ ಸಂಖ್ಯೆಯಿಲ್ಲ, ಪಿ ಎಸ್ ಟಿ ಜಿ ಯಾವ ಬಾಲವೂ ಇಲ್ಲ; ತಮ್ಮಂತೆಯೇ ಹತ್ತು ಅಂಕಿಯ ಮಾಮೂಲಿ ಸಂಖ್ಯೆ. ಅಂದು ಬೆಳಿಗ್ಗೆಯಿಂದ ಒಂದು ಸಾಲ, ಒಂದು ಕಾರ್ಡು, ಬೂದಿಗೆರೆ ಕ್ರಾಸಿನಿಂದ ಬರೀ ಹತ್ತು ನಿಮಿಷದ ಒಂದು ನಿವೇಶನ ಇಷ್ಟನ್ನು ನಿರಾಕರಿಸಿ ದಣಿದಿದ್ದ ಚಂದಾದಾರನು ನಾಲ್ಕನೆಯ ಅಪರಿಚಿತ ಸಂಖ್ಯೆಯನ್ನು ಕತ್ತರಿಸಿದ. ಮತ್ತೆ ಬಂತು, ಮತ್ತೆ ಕತ್ತರಿಸಿದ. ಮೂರನೆಯ ಸಲ ಬಂದಾಗ ಸಂಖ್ಯೆಯನ್ನು ಬ್ಲಾಕ್ ಮಾಡಿದ. ‘ಅರ್ಜಿದಾರರು ಲಭ್ಯವಿಲ್ಲ’ ಎಂದು ವರದಿ ಹೋಯಿತು. ಹುಟ್ಟಿದಂದಿನಿಂದ ಅದೇ ಓಣಿಯಲ್ಲಿರುವ ಮನುಷ್ಯ, ತಮ್ಮ ಕೈಗೆ ದಿನಕ್ಕೆ ಹತ್ತು ಸಲ ಲಭ್ಯನಿರುವ ಮನುಷ್ಯ, ಭಾರತ ಸರ್ಕಾರಕ್ಕೆ ಲಭ್ಯವಿಲ್ಲದವನಾದ!

ಮುಂದಿನದನ್ನು ವಿವರಿಸಬೇಕಿಲ್ಲ. ಠಾಣೆಯ ಬೆಂಚು, ಸಾಹೇಬರು ಬಂದೋಬಸ್ತಿಗೆ ಹೋಗಿರುವುದು, ನಾಳೆ ಬನ್ನಿ ಎಂಬ ಮಾತು, ಮತ್ತೆ ಅದೇ ಬೆಂಚು. ಕೊನೆಗೆ ಸಿಕ್ಕ ಪೇದೆ “ಫೋನ್ ಯಾಕ್ರೀ ಎತ್ತಲಿಲ್ಲ?” ಎಂದು ಗದರಿದರು. “ಸಾಲದೋರು ಅಂತ, ಸಾರ್” ಎಂಬ ಉತ್ತರ ಕೇಳಿ ಅವರ ಸಿಟ್ಟು ಇಳಿಯಿತು. ಅವರಿಗೂ ಅದೇ ವಾರ ಪೂರ್ವಾನುಮೋದನೆ ದೊರೆತಿತ್ತು.

ಇದು ನಗುವ ವಿಷಯವಲ್ಲ. ಆಸ್ಪತ್ರೆಯ ವಾರ್ಡಿನಿಂದ ಬರುವ ಕರೆ ಅಪರಿಚಿತ ಸಂಖ್ಯೆಯಿಂದ ಬರುತ್ತದೆ. ಮಗು ಬಿದ್ದಿದೆ ಎಂದು ಶಾಲೆಯ ಆಯಾ ಮಾಡುವ ಕರೆ, ಸಿಲಿಂಡರಿನವನ ಕರೆ, ಅಪಘಾತವಾದವನ ಜೇಬಿನಿಂದ ಚೀಟಿ ತೆಗೆದು ದಾರಿಹೋಕನು ಮಾಡುವ ಕರೆ, ಎಲ್ಲವೂ ಅಪರಿಚಿತ ಸಂಖ್ಯೆಯಿಂದಲೇ ಬರುತ್ತವೆ. ಅಪರಿಚಿತರ ಕರೆಯನ್ನು ಎತ್ತುವುದು ಎಂಬ ಸಣ್ಣ ಸಭ್ಯತೆ ಈ ಊರಿನಲ್ಲಿತ್ತು, ಅದನ್ನು ತಾವು ಕೊಂದಿದ್ದೀರಿ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣಿನವನು ಗಂಟಲು ಹರಿಯುವಂತೆ ಕೂಗುತ್ತಾನೆ, ಆದರೆ ಬೇಡ ಎಂದರೆ ಬೇಡ ಎಂದು ತಿಳಿದು ಪಕ್ಕದವರ ಕಡೆಗೆ ತಿರುಗುತ್ತಾನೆ. ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ನಾಲ್ಕೂ ಭಾಷೆಗಳಲ್ಲಿ ಅವನಿಗೆ ಆ ಒಂದು ಮಾತು ಅರ್ಥವಾಗುತ್ತದೆ. ತಮಗೆ ಯಾವ ಭಾಷೆಯಲ್ಲಿ ಹೇಳಬೇಕು? ಕನ್ನಡದಲ್ಲಿ ಹೇಳಿದರೆ ಹಿಂದಿ ಬರುವುದಿಲ್ಲವೇ ಎಂದು ಕೇಳುತ್ತೀರಿ, ಹಿಂದಿಯಲ್ಲಿ ಹೇಳಿದರೆ ಯಾಕೆ ಬೇಡ ಎಂದು ಕೇಳುತ್ತೀರಿ, ಬೈದರೆ ಸಂಜೆ ಬೇರೆ ಸಂಖ್ಯೆಯಿಂದ ಬೇರೆಯವರ ಕೈಯಲ್ಲಿ ಮಾಡಿಸುತ್ತೀರಿ.

ಆದುದರಿಂದ ತಮ್ಮಲ್ಲಿ ಕೋರಿಕೆ ಒಂದೇ. ಸಾಲ ಬೇಡ, ಕಾರ್ಡು ಬೇಡ, ನಿವೇಶನವಂತೂ ಮೊದಲೇ ಬೇಡ. ಆ ಚಂದಾದಾರನ ನಂಬರನ್ನು ಯಾರಿಂದ, ಎಷ್ಟು ರೂಪಾಯಿಗೆ ಕೊಂಡಿರಿ ಎಂಬುದನ್ನು ಲಿಖಿತವಾಗಿ ತಿಳಿಸಿ. ತಮಗೆ ಮಾರಿದವರ ಹೆಸರು, ಅವರಿಗೆ ಮಾರಿದವರ ಹೆಸರು, ಹೀಗೆ ಮೊದಲ ಕೈಯವರೆಗೆ. ಹತ್ತು ಲಕ್ಷ ಸಾಲ ಕೊಡಲು ಸಿದ್ಧರಿರುವವರಿಗೆ ಒಂದು ಹೆಸರು ಕೊಡುವುದು ಭಾರವಾಗಬಾರದು.

ಇಂತಿ,
ಲಭ್ಯವಿಲ್ಲದ ಅರ್ಜಿದಾರರ ಪರವಾಗಿ

ವಿ.ಸೂ.: ಉತ್ತರವನ್ನು ದಯವಿಟ್ಟು ಫೋನಿನಲ್ಲಿ ಕೊಡಬಾರದು, ಎತ್ತುವುದಿಲ್ಲ. ಎಸ್‌ಎಂಎಸ್ ಕೂಡ ಬೇಡ, ಓದುವುದಿಲ್ಲ. ಸ್ಪೀಡ್ ಪೋಸ್ಟಿನಲ್ಲಿ ಕಳಿಸುವುದಾದರೆ ಅಂಚೆಯವರು ಮನೆ ಸಿಗದೆ ಫೋನ್ ಮಾಡಬಹುದು. ಮನೆಯ ಗುರುತನ್ನು ಲಕೋಟೆಯ ಮೇಲೆಯೇ ಸ್ಪಷ್ಟವಾಗಿ ಬರೆಯತಕ್ಕದ್ದು. ವಿಳಾಸ ಹೇಗೂ ತಮ್ಮಲ್ಲಿ ಇದ್ದೇ ಇರುತ್ತದೆ.