ಎರಡಕ್ಕೆ ಒಂದು ಸ್ಕೂಪ್

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನುಗ್ಗೆಕಾಯಿ ಸಿಗುತ್ತದೆ, ಬಾಣಂತಿಗೆ ಬೇಕಾದ ಸಬ್ಬಸಿಗೆ ಸೊಪ್ಪೂ ಸಿಗುತ್ತದೆ. ಎಷ್ಟು ಅಲೆದರೂ ನನಗೆ ಸಿಗದೇ ಹೋದದ್ದು ಒಳಲೆ. ಅದನ್ನು ನಮ್ಮತ್ತೆ ಅರಸೀಕೆರೆಯಿಂದ ಹಳೇ ಸೀರೆಯಲ್ಲಿ ಸುತ್ತಿ ತಂದರು. ಬೆಳ್ಳಿಯದು. ನನ್ನ ಹೆಂಡತಿ ಕೂಸಾಗಿದ್ದಾಗ ಹಾಲು ಕುಡಿದದ್ದು ಇದರಲ್ಲೇ. ಮೂತಿ ಒಂದು ಕಡೆ ನೆಗ್ಗಿದೆ.

ಅವರು ಬರುವ ಹೊತ್ತಿಗೆ ಮಗುವಿಗೆ ಮೂರು ವಾರ. ಹುಟ್ಟಿದಾಗಿನ ತೂಕ ಇನ್ನೂ ವಾಪಸ್ ಬಂದಿರಲಿಲ್ಲವೆಂದು ಡಾಕ್ಟರು ಎದೆಹಾಲಿನ ಜೊತೆ ಫಾರ್ಮುಲಾನೂ ಕೊಡಿ ಅಂದಿದ್ದರು. ಇದನ್ನು ಊರಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ವಿಡಿಯೋ ಕಾಲ್ ಬಂದಾಗಲೆಲ್ಲ ಡಬ್ಬ ಮಿಕ್ಸಿಯ ಹಿಂದೆ ಹೋಗುತ್ತಿತ್ತು. ಹಾಸ್ಟೆಲ್ಲಿನಲ್ಲಿ ಸಿಗರೇಟನ್ನೂ ನಾನು ಇಷ್ಟು ಶ್ರದ್ಧೆಯಿಂದ ಮುಚ್ಚಿಟ್ಟವನಲ್ಲ.

ಅತ್ತೆ ಬಂದವರೇ ಚಟ್ನಿಗೆಂದು ಮಿಕ್ಸಿ ಎಳೆದರು. "ಇದ್ಯಾಕೆ ಇಲ್ಲಿ ಕಳ್ಳನ ಹಾಗೆ ಕೂತಿದೆ?"

ಲೆಕ್ಕ ಒಪ್ಪಿಸಿದೆ. ಮೊದಲು ಎರಡು ಔನ್ಸ್ ನೀರು, ಆಮೇಲೆ ತಲೆ ಸವರಿದ ಒಂದು ಸ್ಕೂಪ್ ಪುಡಿ. ಕಲಸಿದ್ದಕ್ಕೆ ಎರಡು ಗಂಟೆ ಆಯಸ್ಸು, ಮಗು ಬಾಯಿಟ್ಟ ಮೇಲೆ ಒಂದೇ ಗಂಟೆ. ಪಂಪಿನಲ್ಲಿ ತೆಗೆದ ಎದೆಹಾಲಾದರೆ ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ. ಫ್ರಿಜ್ಜಿನ ಬಾಗಿಲ ಮೇಲೆ ನನ್ನ ಪಟ್ಟಿ: ಎಡ 12 ನಿಮಿಷ, ಬಲ 9, ಬಾಟಲಿ 1 ಔನ್ಸ್, ಒದ್ದೆ ಡಯಾಪರ್ ಎರಡು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಮಗು ತೇಗಿದ್ದು ಬರೆದೇ ಇಲ್ಲವಲ್ಲ?" ಅಂದರು.

ಪಂಪು ಮಾತ್ರ ಅವರಿಗೆ ಹಿಡಿಸಲಿಲ್ಲ. ಅದು ರಾತ್ರಿಯೆಲ್ಲ "ಯಾಕಪ್ಪಾ, ಯಾಕಪ್ಪಾ" ಅನ್ನುತ್ತದಂತೆ. ಅವರು ಹೇಳಿದ ಮೇಲೆ ನನಗೂ ಹಾಗೇ ಕೇಳಿಸಹತ್ತಿತು.

ಒಂದು ದಿನ ಎದೆಹಾಲಿನ ಸಲಹೆಗಾರ್ತಿ ಬಂದರು. ಬಾಟಲಿ ಕೊಟ್ಟಾಗಲೆಲ್ಲ ತಾಯಿ ಪಂಪ್ ಮಾಡಬೇಕು, ಹಾಲು ತೆಗೆದಷ್ಟೂ ಬರುತ್ತದೆ, ಬಿಟ್ಟರೆ ಕಡಿಮೆಯಾಗುತ್ತದೆ ಎಂದರು. ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಸೇದದ ಬಾವೀಲಿ ನೀರು ಊರುತ್ತಾ? ಇಷ್ಟು ಹೇಳೋಕೆ ಆಕೆಗೆ ಎಷ್ಟು ಕೊಟ್ರಿ?"

ಅರ್ಧ ಮಾಡಿ ಹೇಳಿದೆ. ಅರ್ಧಕ್ಕೇ ಎದೆ ಹಿಡಿದುಕೊಂಡರು.

ಅಷ್ಟರಲ್ಲಿ ಮಗು ಅತ್ತಿತು. ಅತ್ತೆ ಕಾಲು ಚಾಚಿ ಕೂತು, ಮಗುವಿನ ತಲೆ ಎತ್ತರಿಸಿ ಹಿಡಿದು, ಫಾರ್ಮುಲಾನ ಒಳಲೆಗೆ ಬಗ್ಗಿಸಿ ತುಟಿಗೆ ತಾಗಿಸಿದರು. ಸುರಿಯಲಿಲ್ಲ. ಮಗುವೇ ನಾಲಿಗೆ ಚಾಚಿ, ನುಂಗಿ, ನಿಂತು, ಮತ್ತೆ ಚಾಚಿತು. ಅವರ ತಕರಾರು ಪುಡಿಯ ಮೇಲಲ್ಲ, ಬಾಟಲಿಯ ಮೇಲೆ ಎಂದು ನಮಗೆ ತಿಳಿದದ್ದು ಆಗ. ಅಷ್ಟು ದಿನ ಡಬ್ಬ ಬಚ್ಚಿಟ್ಟದ್ದು ದಂಡ. ಸಲಹೆಗಾರ್ತಿ ಒಳಲೆಯ ಫೋಟೋ ತೆಗೆದುಕೊಂಡು ಹೋದರು. ಫೀಸಿನಲ್ಲಿ ಒಂದು ಡಾಲರೂ ಬಿಡಲಿಲ್ಲ.

ಮೊನ್ನೆ ರಾತ್ರಿ ಮೂರಕ್ಕೆ ನನ್ನ ಸರದಿ. ನಿದ್ದೆಗಣ್ಣಲ್ಲಿ ಡಬ್ಬ ತೆಗೆದೆ, ಸ್ಕೂಪ್ ತುಂಬಿದೆ, ತಲೆ ಸವರಿದೆ, ಬಾಟಲಿಗೆ ಹಾಕಿ ಕುಲುಕಿದೆ. ನೀರು ಕೆಂಪಾಯಿತು. ಬೆಳ್ಳುಳ್ಳಿ ಘಮ್ಮೆಂದಿತು. ಖಾಲಿಯಾದ ಡಬ್ಬ ಯಾಕೆ ಬಿಸಾಡಬೇಕೆಂದು ಅತ್ತೆ ತೊಳೆದು, ಒಣಗಿಸಿ, ಚಟ್ನಿಪುಡಿ ತುಂಬಿಟ್ಟಿದ್ದರು.

"ಸ್ಕೂಪ್ ಅದರಲ್ಲೇ ಇರಲಿ," ಅಂದರು ಬೆಳಿಗ್ಗೆ ತಟ್ಟೆಗೆ ಇಡ್ಲಿ ಹಾಕುತ್ತಾ. "ಎರಡು ಇಡ್ಲಿಗೆ ಒಂದು. ತಲೆ ಸವರಿ ಹಾಕ್ಕೊಳಿ."