ವೃಕ್ಕದ್ವಯ ಜಲಮೀಮಾಂಸೆ: ಕೊಡಗಿನ ಕಾಫಿ ತೋಟಗಳನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ದೇಹಾಂತರ್ಗತ ದ್ರವಸಮತೋಲನವನ್ನು 'ಉತ್ಸರ್ಗಪೂರ್ವ ಸಂಧಾರಣಾ' ನೆಲೆಯಲ್ಲಿ ಪರಾಮರ್ಶಿಸುವ ವಿನಮ್ರ ಪ್ರಯತ್ನವಾಗಿದೆ. ಅಂದರೆ, ಉಚ್ಚೆ ಕಟ್ಟಿಕೊಳ್ಳುವುದು. ಹೀಗೆ ಬಿಡಿಸಿ ಹೇಳಿದವರಿಗೆ ವಿಚಾರಸಂಕಿರಣದಲ್ಲಿ ಪ್ರಯಾಣಭತ್ಯೆ ಸಿಗದಾದ್ದರಿಂದ ಇನ್ನು ಮುಂದೆ ಹೇಳಲಾಗುವುದಿಲ್ಲ.

ವೃಕ್ಕಗಳನ್ನು ತಾತ್ವಿಕವಾಗಿ ನಾಲ್ಕಾಗಿ ವರ್ಗೀಕರಿಸಬಹುದು.

ಅ) ಶೋಧಕವೃಕ್ಕ: ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟು ಹೊರಬಿಟ್ಟು, ಮಿಕ್ಕಿದ್ದನ್ನು ರಕ್ತಕ್ಕೇ ಮರಳಿಸುತ್ತದೆ. ತಲಕಾವೇರಿಯಲ್ಲಿ ಹುಟ್ಟುವ ನೀರನ್ನು ಹಂಚಲು 1990ರಲ್ಲಿ ರಚನೆಯಾದ ನ್ಯಾಯಮಂಡಳಿ ಅಂತಿಮ ತೀರ್ಪು ಕೊಟ್ಟದ್ದು 2007ರಲ್ಲಿ. ವೃಕ್ಕಕ್ಕೆ ವಾಯಿದೆ ಕೇಳುವ ಸೌಲಭ್ಯವಿಲ್ಲ.

ಆ) ಶಾಸಕವೃಕ್ಕ: ರಕ್ತದೊತ್ತಡ ಇಳಿದೊಡನೆ ರೆನಿನ್ ಹೊರಡಿಸುತ್ತದೆ. (1898ರಲ್ಲಿ ಟೈಗರ್‌ಸ್ಟೆಟ್, ಬರ್ಗ್‌ಮನ್ ಎಂಬಿಬ್ಬರು ಮೊಲದ ವೃಕ್ಕದಲ್ಲಿ ಇದನ್ನು ಕಂಡರು, ಮೊಲದ ಹೆಸರು ಸಹಲೇಖಕರ ಪಟ್ಟಿಯಲ್ಲಿಲ್ಲ.) ರೆನಿನ್‌ನಿಂದ ಆಂಜಿಯೋಟೆನ್ಸಿನ್, ಅದು ರಕ್ತನಾಳ ಬಿಗಿದು ಆಲ್ಡೋಸ್ಟೆರೋನನ್ನು ಎಬ್ಬಿಸುತ್ತದೆ, ಅದು ಉಪ್ಪನ್ನು ತಡೆಹಿಡಿಯುತ್ತದೆ, ಉಪ್ಪಿನ ಹಿಂದೆಯೇ ನೀರು. ಒತ್ತಡ ಏರಿತು.

ಇ) ಮತ್ತು ಈ) ಇದ್ದೇ ಇವೆ. ಅಧ್ಯಕ್ಷರಿಗೆ ಊಟದ ಹೊತ್ತಾಯಿತು.

ಕ್ಷೇತ್ರಕಾರ್ಯ: ರೊಬಸ್ಟಾ ಕುಯ್ಲಿನ ಬಿಸಿಲು. ಸೊಂಟಕ್ಕೆ ಗೋಣಿತಾಟು ಕಟ್ಟಿಕೊಂಡು ಹಣ್ಣು ಕೀಳುತ್ತಿದ್ದ ಹೆಂಗಸೊಬ್ಬರ ನೀರಿನ ಬಾಟಲಿ ಮಧ್ಯಾಹ್ನವಾದರೂ ಕುತ್ತಿಗೆಮಟ್ಟ ತುಂಬಿಯೇ ಇತ್ತು.

"ಯಾಕಕ್ಕಾ, ನೀರೇ ಕುಡೀಲಿಲ್ವಲ್ಲ?"

"ಕುಡಿದ್ರೆ ಹೋಗೋದೆಲ್ಲಿಗೆ? ಆ ಕಡೆ ಮೇಸ್ತ್ರಿ, ಈ ಕಡೆ ರಸ್ತೆ."

ಪ್ರಬಂಧದ ಪರಿಭಾಷೆಯಲ್ಲಿ ಇದಕ್ಕೆ 'ಸ್ವಯಂಪ್ರೇರಿತ ದ್ರವಸಂಯಮ' ಎನ್ನಬೇಕು. ಮೆದುಳು ವಾಸೊಪ್ರೆಸಿನ್ ಕಳಿಸುತ್ತದೆ, ವೃಕ್ಕ ಹನಿಹನಿ ನೀರನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮೂತ್ರ ಗಟ್ಟಿಯಾಗುತ್ತದೆ, ಉರಿಯುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಸಂಜೆ ಮಂಡಿನೋವಿಗೆ ಅಂಗಡಿಯಿಂದ ಎರಡು ನೋವಿನ ಮಾತ್ರೆ. ನೀರಿಲ್ಲದ ಹೊತ್ತಿನಲ್ಲಿ ವೃಕ್ಕದ ರಕ್ತನಾಳ ಮುಚ್ಚಿಹೋಗದಂತೆ ಕಾಯುವುದು ಪ್ರೊಸ್ಟಗ್ಲಾಂಡಿನ್. ಬ್ರೂಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಮೊದಲು ಕಟ್ಟಿಹಾಕುವುದು ಅದನ್ನೇ. ಹೀಗೇ ವರ್ಷಗಟ್ಟಲೆ ನಡೆದು ಬಿಪಿ ಏರಿದರೆ, ಯಾರೋ ಬಂದು ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರೆಂದು ಕರಪತ್ರ ಹಂಚುತ್ತಾರೆ. ಕುಡಿದು?

ಇಲ್ಲಿ ಉಪಪತ್ತಿ ಮಂಡಿಸಬೇಕಿತ್ತು, ಮನಸ್ಸಿಲ್ಲ. ತೋಟದಲ್ಲಿ ಕುಡಿಯುವ ನೀರೂ ಹೆಂಗಸರಿಗೆ ಬೇರೆ ಶೌಚಾಲಯವೂ ಇರಬೇಕೆಂದು ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಹೇಳಿದ್ದು 1951ರಲ್ಲಿ. ಅಜ್ಜಿ ಕಟ್ಟಿಕೊಂಡಳು, ಅವ್ವ ಕಟ್ಟಿಕೊಂಡಳು, ಈಗ ಮಗಳು ಅದೇ ಕಾಫಿ ಸಾಲಿನಲ್ಲಿ ಹಲ್ಲುಕಚ್ಚಿ ನಿಂತಿದ್ದಾಳೆ. ಮುಂದಿನ ಸಂಶೋಧನೆಗೆ ಬೇಕಾದ ಉಪಕರಣಗಳು: ನಾಲ್ಕು ಗೋಡೆ, ಒಂದು ಬಾಗಿಲು, ಒಳಗಿನಿಂದ ಹಾಕಿಕೊಳ್ಳುವ ಚಿಲಕ.