ಉಳಿದವನ ಮೀಮಾಂಸೆ
ದೇಶದ ಅತ್ಯುನ್ನತ ಕುರ್ಚಿ ಯಾರಿಗೆ, ಹೇಗೆ ಒದಗುತ್ತದೆ ಎಂಬ ಬಗ್ಗೆ ಕೋಡ್ಲಾ ಪಂಥದ ಗ್ರಂಥ: ಸೂತ್ರ, ಆಕ್ಷೇಪ, ಸಮಾಧಾನಗಳ ಸಹಿತ

ವಿಷಯ ಮತ್ತು ಅಧಿಕಾರಿ

ಶಾಸ್ತ್ರಗ್ರಂಥಕ್ಕೆ ಕೈಹಾಕಿದವನು ವಿಷಯ ಯಾವುದು, ಪ್ರಯೋಜನ ಏನು, ಓದಲು ಅಧಿಕಾರಿ ಯಾರು ಎಂಬ ಮೂರನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ: ಯಾರ ಲೆಕ್ಕದಲ್ಲೂ ಇಲ್ಲದ ಮನುಷ್ಯ ದೇಶದ ಎಲ್ಲಕ್ಕಿಂತ ಮೇಲಿನ ಕುರ್ಚಿಯಲ್ಲಿ ಕೂಡುವ ಬಗೆ. ಪ್ರಯೋಜನ: ಸದ್ಯಕ್ಕೆ ಏನೂ ಇಲ್ಲ. ಅಧಿಕಾರಿ: ಒಮ್ಮೆಯಾದರೂ ಠೇವಣಿ ಕಳೆದುಕೊಂಡವನು, ಅಥವಾ ಆ ಠೇವಣಿಯ ಹಣ ಕೈಗಡ ಕೊಟ್ಟವನು.

ಇಂಥ ಶಾಸ್ತ್ರ ದಿಲ್ಲಿಯಲ್ಲಿ ಹುಟ್ಟದೆ ಸೇಡಂ ತಾಲೂಕಿನ ಕೋಡ್ಲಾದಲ್ಲಿ ಯಾಕೆ ಹುಟ್ಟಿತು ಎಂದು ಆಕ್ಷೇಪಿಸಬಹುದು. ಆಕ್ಷೇಪಿಸುವವರು ಚರಿತ್ರೆ ಓದಿಲ್ಲ. ಜಗತ್ತಿನ ನಾಲ್ವರು ಮಹಾ ದೊರೆಗಳಲ್ಲಿ ರಾಷ್ಟ್ರಕೂಟರ ಅರಸನೂ ಒಬ್ಬನೆಂದು ಅರಬ ವರ್ತಕ ಸುಲೈಮಾನ್ 9ನೇ ಶತಮಾನದಲ್ಲೇ ಬರೆದಿಟ್ಟ. ಆ ಅರಸ ಕೂತದ್ದು ನಮ್ಮದೇ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮೇಲೆ. ಅಮೋಘವರ್ಷನನ್ನೇ ನೋಡಿ. 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಸಾಮಂತರು ತಿರುಗಿಬಿದ್ದರು, ಸಿಂಹಾಸನ ಕೈತಪ್ಪಿತು. ಗುಜರಾತ್ ಶಾಖೆಯ ದಾಯಾದಿ ಕರ್ಕ ಬಂದು, 821ರ ಹೊತ್ತಿಗೆ ಅವನನ್ನು ಮತ್ತೆ ಎತ್ತಿ ಕೂಡಿಸಿದ. ಆಮೇಲೆ 878ರ ತನಕ ಯಾರಿಗೂ ಅವನನ್ನು ಎಬ್ಬಿಸಲಾಗಲಿಲ್ಲ. ಇದರಿಂದ ಮೊದಲ ಸೂತ್ರ ಸಿದ್ಧ: ಕುರ್ಚಿಗೆ ಯಾರೂ ಏರುವುದಿಲ್ಲ, ಕೂಡಿಸುವವರು ಬೇರೆಯೇ ಇರುತ್ತಾರೆ.

ಪೂರ್ವಪಕ್ಷ

ದೊಡ್ಡ ಕುರ್ಚಿಗೆ ಹೋರಾಟ ಬೇಕು, ಮನೆತನ ಬೇಕು, ಭಾಷಣ ಬೇಕು, ಹಿಂದಿ ಬೇಕು, ಎಲ್ಲಕ್ಕಿಂತ ಮೊದಲು ಸೀಟು ಬೇಕು ಎಂಬುದು ಪೌರನೀತಿ ಪುಸ್ತಕ ಓದಿ ಪಾಸಾದವರ ಮತ. ಇದನ್ನು ಒಂದೇ ಸಾಲಿನಲ್ಲಿ ಖಂಡಿಸಬಹುದು. ಗ್ರಂಥ ದಪ್ಪಗಿರಬೇಕಾದ್ದರಿಂದ ವಿಸ್ತರಿಸುತ್ತೇವೆ.

ಸೇಡಂನಲ್ಲಿ ಜನರಲ್ ಬೋಗಿ ಹತ್ತಿ, ಸಂಡಾಸದ ಬಾಗಿಲಿಗೆ ಬೆನ್ನು ಕೊಟ್ಟು ನಿಂತವನನ್ನು ಗಮನಿಸಿ. ಕಿಟಕಿ ಪಕ್ಕದ ಸೀಟಿಗಾಗಿ ಇಬ್ಬರ ನಡುವೆ ಚಿತ್ತಾಪುರದಿಂದಲೇ ಜಗಳ ಹತ್ತಿರುತ್ತದೆ. ವಾಡಿ ಜಂಕ್ಷನ್ ಬರುತ್ತದೆ. ಒಬ್ಬ ರಾಯಚೂರು ಗಾಡಿ ಹಿಡಿಯಲು ಇಳಿಯುತ್ತಾನೆ. ಇನ್ನೊಬ್ಬ ಅವನನ್ನು ಪೂರ್ತಿ ಬೈದು ಮುಗಿಸಲು ಬೆನ್ನಿಗೇ ಇಳಿಯುತ್ತಾನೆ. ನಿಂತವನು ಕೂಡುತ್ತಾನೆ. ಅವನು ಸೀಟು ಕೇಳಿದ್ದಿಲ್ಲ. ಗಾಡಿ ಬಿಟ್ಟು ಇಳಿದದ್ದೂ ಇಲ್ಲ. ಎರಡನೆಯ ಸೂತ್ರ: ಇಳಿಯದೆ ಉಳಿದವನೇ ಅರ್ಹ.

ಹರದನಹಳ್ಳಿ ದೃಷ್ಟಾಂತ

ಸೂತ್ರಕ್ಕೆ ದೃಷ್ಟಾಂತ ಬೇಕು. ಕರ್ನಾಟಕದಿಂದ ಪ್ರಧಾನಿಯಾದವರು ಇಂದಿನವರೆಗೆ ಒಬ್ಬರೇ ಆದ್ದರಿಂದ ಆಯ್ಕೆಯ ತೊಂದರೆ ಇಲ್ಲ. ಎಚ್.ಡಿ. ದೇವೇಗೌಡರು 1933ರಲ್ಲಿ ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದರು. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದರು. ಗುತ್ತಿಗೆ ಕೆಲಸ ಹಿಡಿದರು. 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಬಂದರು. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡರು. ಇವೆಲ್ಲ ಜೀವನಚರಿತ್ರೆಕಾರರ ಸರಕು. ಶಾಸ್ತ್ರಕ್ಕೆ ಬೇಕಾದ ವರ್ಷ 1989. ಆ ವರ್ಷ ಗೌಡರು ಹೊಳೆನರಸೀಪುರದಲ್ಲೂ ನಿಂತರು, ಕನಕಪುರದಲ್ಲೂ ನಿಂತರು, ಎರಡೂ ಕಡೆ ಸೋತರು. ಅವರಿದ್ದ ಬಣಕ್ಕೆ ರಾಜ್ಯದಲ್ಲಿ ದಕ್ಕಿದ್ದು 2 ಸೀಟು. ಬೇರೆ ಯಾರೇ ಆಗಿದ್ದರೂ ಆಲೂಗಡ್ಡೆ ಬೆಳೆಯಲು ಹೊರಡುತ್ತಿದ್ದರು. ಗೌಡರು ಗಾಡಿ ಇಳಿಯಲಿಲ್ಲ.

ಈಗ 1996ರ ಮೇ ತಿಂಗಳಿಗೆ ಬರೋಣ. ಲೋಕಸಭೆಯಲ್ಲಿ ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140, ಜನತಾದಳಕ್ಕೆ 46. ವಾಜಪೇಯಿಯವರು ಮೇ 16ಕ್ಕೆ ಪ್ರಮಾಣ ಸ್ವೀಕರಿಸಿದರು, ಸಂಖ್ಯೆ ಕೂಡದೆ 13 ದಿನಕ್ಕೆ ಎದ್ದರು. ಮುಂದೆ ನಡೆದದ್ದನ್ನು ಶಾಸ್ತ್ರದ ಕಣ್ಣಿನಿಂದ ನೋಡಬೇಕು. ಜನತಾದಳವೂ ಇತರ ಪಕ್ಷಗಳೂ ಕೂಡಿ ಕಟ್ಟಿದ ಸಂಯುಕ್ತ ರಂಗದವರು ಕುರ್ಚಿಯನ್ನು ಹೊತ್ತುಕೊಂಡು ವಿ.ಪಿ. ಸಿಂಗರ ಮನೆಗೆ ಹೋದರು. ಅವರು ಬೇಡವೆಂದರು, ನಾಯಕರ ಕೈಗೆ ಸಿಗಬಾರದೆಂದು ಕಾರು ಹತ್ತಿ ದಿಲ್ಲಿ ಸುತ್ತುತ್ತಿದ್ದರೆಂದೂ ಹೇಳುತ್ತಾರೆ. ಕುರ್ಚಿ ಜ್ಯೋತಿ ಬಸು ಅವರ ಮುಂದೆ ಬಂತು. ಅವರ ಪಕ್ಷದ ಕೇಂದ್ರ ಸಮಿತಿ ಕೂತು, ಚರ್ಚಿಸಿ, ಬೇಡವೆಂದಿತು. ಅದು ಐತಿಹಾಸಿಕ ಪ್ರಮಾದ ಎಂದು ಬಸು ಆಮೇಲೆ ಹೇಳಿಕೊಂಡರು. ದಿಲ್ಲಿಯ ಬಿಸಿಲಲ್ಲಿ ಕುರ್ಚಿ ಹೊತ್ತವರ ಹೆಗಲು ಸೋತಿರಬೇಕು. ಬೇಡವೆನ್ನುವವರೆಲ್ಲ ಬೇಡವೆಂದ ಮೇಲೆ, ಲೋಕಸಭೆಯ ಸದಸ್ಯರೂ ಅಲ್ಲದ, ಅಷ್ಟರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ದೇವೇಗೌಡರು ಜೂನ್ 1ರಂದು ಪ್ರಧಾನಿಯಾದರು.

ಆಕ್ಷೇಪ: ಗೌಡರು ಸುಮ್ಮನೆ ಉಳಿದವರೇ? ರಾಜ್ಯದ 28ರಲ್ಲಿ 16 ಸೀಟು ಗೆದ್ದು ಕೊಟ್ಟವರಲ್ಲವೇ? ಸಮಾಧಾನ: ಹೌದು. ಇದು ಸಿದ್ಧಾಂತಕ್ಕೆ ಅಷ್ಟು ಅನುಕೂಲವಾದ ಸಂಗತಿಯಲ್ಲ. ಮುಂದಿನ ಪ್ರಕರಣಕ್ಕೆ ಹೋಗೋಣ.

ನಕ್ಷಾ ಪ್ರಕರಣ

ಸೀಟು ಹೆಚ್ಚಿದಷ್ಟೂ ಕುರ್ಚಿಯ ಆಯುಷ್ಯ ಕಡಿಮೆ ಎಂಬುದು ನಮ್ಮ ಪಂಥದ ಹೆಮ್ಮೆಯ ಶೋಧ. ಮೊದಲು ಲೋಕಸಭೆ: 161 ಸೀಟಿಗೆ 13 ದಿನ, 46 ಸೀಟಿಗೆ 324 ದಿನ. ಇನ್ನು ವಿಧಾನಸಭೆ. ಚಿಂಚೋಳಿಯ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 1989ರಲ್ಲಿ ಗೆದ್ದದ್ದು 178. ಅವರು ನವೆಂಬರ್ 30ಕ್ಕೆ ಕೂತರು, ಮರುವರ್ಷ ಅಕ್ಟೋಬರ್ 10ಕ್ಕೆ ಇಳಿದರು; ಅವರನ್ನು ಬದಲಿಸುವ ಸುದ್ದಿಯನ್ನು ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಹೇಳಿ ಹೋದರು. ಆಯುಷ್ಯ 314 ದಿನ. ದೇವೇಗೌಡರು 1994ರಲ್ಲಿ 115 ಸೀಟಿನೊಡನೆ ಮುಖ್ಯಮಂತ್ರಿಯಾಗಿ ಹತ್ತಿರ ಹತ್ತಿರ ಒಂದೂವರೆ ವರ್ಷ ಇದ್ದರು. ಜೇವರ್ಗಿಯ ಧರ್ಮಸಿಂಗ್ 2004ರಲ್ಲಿ ಬರೇ 65 ಸೀಟಿನ ಕಾಂಗ್ರೆಸ್ಸಿನಿಂದ ಮುಖ್ಯಮಂತ್ರಿಯಾಗಿ 600 ದಿನ ದಾಟಿದರು. ಬಿಂದುಗಳನ್ನು ಗೆರೆಯಿಂದ ಕೂಡಿಸಿದರೆ ಇಳಿಜಾರು ತಪ್ಪದೆ ಬರುತ್ತದೆ. 1999ರಲ್ಲಿ 132 ಸೀಟು ಗೆದ್ದು ನಾಲ್ಕೂವರೆ ವರ್ಷ ಆಳಿದ ಎಸ್.ಎಂ. ಕೃಷ್ಣರ ಬಿಂದು ನಮ್ಮ ನಕ್ಷೆಯ ಕಾಗದದಿಂದ ಹೊರಗೆ ಬೀಳುವುದರಿಂದ ಅದನ್ನು ಗಣನೆಗೆ ತೆಗೆದುಕೊಂಡಿಲ್ಲ. ದೊಡ್ಡ ಕಾಗದ ಸೇಡಂನಲ್ಲಿ ಸಿಗಲಿಲ್ಲ.

ಇಲ್ಲೊಂದು ನಿಜವಾದ ಸೋಜಿಗವಿದೆ, ಅದನ್ನು ನಗದೆ ಹೇಳಬೇಕು. 1989ರಲ್ಲಿ 178 ಸೀಟು ಗೆಲ್ಲಿಸಿದವರಿಗೆ ರಾಜ್ಯದ ಕುರ್ಚಿ 314 ದಿನ. ಅದೇ ಚುನಾವಣೆಯಲ್ಲಿ ತಮ್ಮ ಎರಡೂ ಸೀಟು ಸೋತವರಿಗೆ, ಏಳು ವರ್ಷ ತುಂಬುವ ಮೊದಲೇ, ದೇಶದ ಕುರ್ಚಿ 324 ದಿನ. ಅಂತರ ಹತ್ತೇ ದಿನ. ಇಬ್ಬರನ್ನೂ ಇಳಿಸಿದ್ದು ಒಂದೇ ಪಕ್ಷ, ಕಾಂಗ್ರೆಸ್.

ಚಿಂಚೋಳಿ ಪ್ರಮೇಯ

ಮೇಲಿನ ಸೋಜಿಗದ ಬೆನ್ನು ಹತ್ತಿದಾಗ ಈ ಪ್ರಮೇಯ ಕೈಗೆ ಸಿಕ್ಕಿತು: ಚಿಂಚೋಳಿಯವರ ಕೈಯಲ್ಲಿ ಸೋತವನು ಮೇಲೇರುತ್ತಾನೆ, ಚಿಂಚೋಳಿಯವರನ್ನು ಸೋಲಿಸಿದವನು ಕೆಳಗಿಳಿಯುತ್ತಾನೆ.

ಮೊದಲ ಭಾಗಕ್ಕೆ ಪ್ರಮಾಣ ಗೌಡರು, ಮೇಲೆ ಹೇಳಿಯಾಯಿತು. ಎರಡನೆಯ ಭಾಗಕ್ಕೆ 1978ರ ಚಿಕ್ಕಮಗಳೂರು ಉಪಚುನಾವಣೆ. ನವೆಂಬರ್‌ನಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಆದರೆ 1980ರಲ್ಲಿ ಅವರೇ ಮತ್ತೆ ಪ್ರಧಾನಿಯಾದರಲ್ಲ ಎಂದರೆ, ಅಷ್ಟರಲ್ಲಿ ಪಾಟೀಲರು ಇಂದಿರಾ ಪಕ್ಷಕ್ಕೇ ಬಂದು ದೋಷ ಪರಿಹಾರ ಮಾಡಿದ್ದರು, ಮುಂದೆ ಅವರ ಮಂತ್ರಿಮಂಡಲದಲ್ಲೂ ಕೂತರು ಎಂಬುದು ಉತ್ತರ. ಪಾಟೀಲರ ಸೌಜನ್ಯವೂ ನಮ್ಮ ಪ್ರಮೇಯವೂ ಏಕಕಾಲಕ್ಕೆ ಉಳಿದವು.

ಮೂರನೆಯ ಪ್ರಮಾಣ ನಮ್ಮ ಕಣ್ಣೆದುರೇ ನಡೆದದ್ದು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ ಗುರುಮಠಕಲ್, ಚಿತ್ತಾಪುರ, ಕಲಬುರಗಿ ಎಂದು ಗೆಲ್ಲುತ್ತಲೇ ಹೋದರು. ಸೋಲಿಲ್ಲದ ಸರದಾರ ಎಂಬ ಬಿರುದು ಬಂತು. ಬಿರುದು ಬಂದದ್ದೇ ತೊಡಕಾಯಿತು: 1999, 2004, 2013, ಮೂರು ಸಲವೂ ಮುಖ್ಯಮಂತ್ರಿ ಕುರ್ಚಿ ಪಕ್ಕದಲ್ಲೇ ಹಾದು ಬೇರೆಯವರ ಮನೆಗೆ ಹೋಯಿತು. ಶಾಸ್ತ್ರಜ್ಞರಿಗೆ ಕಾರಣ ಗೊತ್ತಿತ್ತು. ಆ ಮನುಷ್ಯನಿಗೆ ಸೋತ ಅನುಭವವಿರಲಿಲ್ಲ. 2019ರಲ್ಲಿ ಆ ಕೊರತೆ ನೀಗಿತು. ನೀಗಿಸಿದವರು, ಓದುಗರು ಊಹಿಸಿರಬಹುದು, ಚಿಂಚೋಳಿಯ ಶಾಸಕರಾಗಿದ್ದ ಉಮೇಶ ಜಾಧವ್. ಅಂತರ 95,452 ಮತ. ಮುಂದೆ 2022ರ ಸೆಪ್ಟೆಂಬರ್ ಕೊನೆಯಲ್ಲಿ ಎಐಸಿಸಿ ಅಧ್ಯಕ್ಷ ಸ್ಥಾನದ ಕಣದಿಂದ ಅಶೋಕ್ ಗೆಹಲೋತ್ ಹಿಂದೆ ಸರಿದರು, ದಿಗ್ವಿಜಯ ಸಿಂಗ್ ಹಿಂದೆ ಸರಿದರು, ಖರ್ಗೆಯವರು ನಾಮಪತ್ರ ಹಾಕಿದರು. ಶಶಿ ತರೂರರಿಗೆ 1,072, ಖರ್ಗೆಯವರಿಗೆ 7,897. ನಿಜಲಿಂಗಪ್ಪನವರ ನಂತರ ಆ ಕುರ್ಚಿಗೆ ಕರ್ನಾಟಕದವರು ಹೋದದ್ದು ಆಗಲೇ. ನಿಜಲಿಂಗಪ್ಪನವರು 1968ರಲ್ಲಿ ಅಲ್ಲಿಗೆ ಹೋದಾಗ ಖಾಲಿಯಾದ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರು ಯಾರು? ಚಿಂಚೋಳಿಯ ವೀರೇಂದ್ರ ಪಾಟೀಲರು. ಇನ್ನು ಮುಂದೆ ರಾಜಕೀಯ ಶಾಸ್ತ್ರದ ವಿದ್ಯಾರ್ಥಿಗಳು ದಿಲ್ಲಿ ಬಿಟ್ಟು ಚಿಂಚೋಳಿ ಬಸ್‌ಸ್ಟ್ಯಾಂಡಿನಲ್ಲಿ ವಾಸ್ತವ್ಯ ಹೂಡುವುದು ಒಳ್ಳೆಯದು.

ನಿದ್ರಾಧಿಕರಣ

ಸಭೆಗಳಲ್ಲಿ ದೇವೇಗೌಡರ ಕಣ್ಣು ಮುಚ್ಚಿದ್ದ ಚಿತ್ರಗಳು ವ್ಯಂಗ್ಯಚಿತ್ರಕಾರರ ಹೊಟ್ಟೆ ಹೊರೆದವು. ಆದರೆ 1997ರ ಏಪ್ರಿಲ್‌ನಲ್ಲಿ ಅವರ ಉತ್ತರಾಧಿಕಾರಿಯ ಹುಡುಕಾಟ ನಡೆದಾಗ ಆಯ್ಕೆಯಾದ ಐ.ಕೆ. ಗುಜ್ರಾಲರು ಮಲಗಿದ್ದರು, ಎಬ್ಬಿಸಿ ಸುದ್ದಿ ಹೇಳಬೇಕಾಯಿತು ಎಂಬ ಕಥೆ ಪ್ರಸಿದ್ಧ. ಎಚ್ಚರವಿದ್ದವರು ಒಬ್ಬರ ಹೆಸರನ್ನೊಬ್ಬರು ಹೊಡೆದುಹಾಕುತ್ತಿದ್ದರು. ಈ ಅಧಿಕರಣ ಇಷ್ಟಕ್ಕೇ ಮುಗಿಯುತ್ತದೆ. ಗ್ರಂಥಕಾರನಿಗೂ ಮಧ್ಯಾಹ್ನದ ಊಟವಾಗಿದೆ.

ವಿಘ್ನ

ಉಳಿದವನು ಬರೇ ಕುರ್ಚಿ ಕಾಯುತ್ತಾನೆ, ಕೆಲಸ ಮಾಡುವುದಿಲ್ಲ ಎಂಬ ಉಪಸೂತ್ರವನ್ನೂ ಬರೆದಿಟ್ಟಿದ್ದೆವು. ಅದನ್ನು ಹೊಡೆದುಹಾಕಬೇಕಾಯಿತು. ಕೆಂಪುಕೋಟೆಯ ಮೇಲೆ ಹಿಂದಿ ಭಾಷಣವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದಿದ ದೇವೇಗೌಡರು, 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದೊಡನೆ ಗಂಗಾ ನೀರು ಹಂಚಿಕೆಯ ಒಪ್ಪಂದಕ್ಕೆ ಸಹಿ ಹಾಕಿದರು, ಅದೂ 30 ವರ್ಷದ ಮಟ್ಟಿಗೆ. ಬ್ರಹ್ಮಪುತ್ರದ ಮೇಲಿನ ಬೋಗಿಬೀಲ್ ಸೇತುವೆಗೆ 1997ರ ಜನವರಿಯಲ್ಲಿ ಅಡಿಗಲ್ಲಿಟ್ಟರು. ಉದ್ಘಾಟನೆ ಆದದ್ದು 2018ರಲ್ಲಿ. ಅಡಿಗಲ್ಲಿಟ್ಟ ವರ್ಷವೇ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ ಕೇಸರಿ ಸರ್ಕಾರಕ್ಕಿದ್ದ ಬೆಂಬಲ ಹಿಂತೆಗೆದರು. ಏಪ್ರಿಲ್ 11ರಂದು ಗೌಡರು ಸದನದಲ್ಲಿ ವಿಶ್ವಾಸಮತ ಸೋತರು. 324 ದಿನದ ಪ್ರಧಾನಿ 30 ವರ್ಷದ ಕಾಗದಕ್ಕೆ ಸಹಿ ಹಾಕಿದರೆ ನಮ್ಮಂಥ ಶಾಸ್ತ್ರಕಾರರು ಏನು ಮಾಡಬೇಕು?

ಪ್ರಯೋಗ ಪ್ರಕರಣ

ಗ್ರಂಥದ ಹಸ್ತಪ್ರತಿಯನ್ನು ಕೋಡ್ಲಾದ ಅಗಸಿ ಕಟ್ಟೆಯಲ್ಲಿ ಸುಸ್ಲಾ, ಮಿರ್ಚಿ ಭಜಿಯ ಸಮ್ಮುಖದಲ್ಲಿ ಓದಲಾಯಿತು. ಸಿಮೆಂಟಿನ ಧೂಳು ಕೊಡವುತ್ತ ಒಬ್ಬ ಹಿರಿಯರು ಕೇಳಿದರು:

"ಮಾಸ್ತರ, ಹಂಗಾದ್ರ ನಮ್ಮೂರಾಗಿಂದ ಒಬ್ಬಂವಾ ಪ್ರಧಾನಿ ಆಗ್ಬೇಕಂದ್ರ ಏನ್ ಮಾಡ್ಬೇಕ್ರಿ?"

"ಮೊದಲ ನಾಕು ಮಂದಿ ದೊಡ್ಡವ್ರು ಒಲ್ಲೆ ಅನ್ಬೇಕ್ರಿ ಕಾಕಾ. ಆಮ್ಯಾಲ ಉಳಿದಂವ ಆಗ್ತಾನ."

ಶಾಸ್ತ್ರಕ್ಕೆ ಪ್ರಯೋಗ ಬೇಕಲ್ಲ, ಪಂಚಾಯ್ತಿ ಮಟ್ಟದಲ್ಲೇ ನೋಡೋಣ ಎಂದು ಒಲ್ಲೆ ಅನ್ನುವ ನಾಲ್ವರು ಬೇಕಾಗಿದ್ದಾರೆಂದು ಕಟ್ಟೆಯ ಮೇಲೇ ಸಾರಿದೆವು. ಸಂಜೆಯೊಳಗೆ ಹೆಸರು ಬಂದವು, ನಾಲ್ಕಕ್ಕಿಂತ ಬಹಳ. ಮೊದಲು ಯಾರು ಒಲ್ಲೆ ಅನ್ನಬೇಕೆಂಬ ಮಾತಿಗೆ ಎರಡು ಪಾರ್ಟಿ ಆದವು. ಒಂದು ಪಾರ್ಟಿಯವರು ಒಲ್ಲೆ ಅನ್ನುವ ಹಕ್ಕು ತಮ್ಮ ಓಣಿಗೇ ಮೀಸಲಾಗಬೇಕೆಂದು ಅರ್ಜಿ ಕೊಟ್ಟಿದ್ದಾರೆ. ಇನ್ನೊಂದು ಪಾರ್ಟಿಯ ಅಭ್ಯರ್ಥಿ ಇವತ್ತು ಬೆಳಗಿನ ಬಸ್ಸಿಗೆ ಚಿಂಚೋಳಿಗೆ ಹೋಗಿದ್ದಾನೆ, ಯಾರ ಕೈಯಲ್ಲಾದರೂ ಸೋತು ಬರಲು.